ಸುರಂಗ ಬಿಟ್ಟು ಮೇಲಿನ ದಾರಿ ಹಿಡಿದರೆ: ಗ್ರೇಟ್ ಸೇಂಟ್ ಬರ್ನಾರ್ಡ್ ಪಾಸ್

(ಮೈಸೂರಿನಲ್ಲಿ ಚಾರಣ, ಪ್ರವಾಸದ ಹುಚ್ಚಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ವಿಟ್ಜರ್‌ಲ್ಯಾಂಡ್ ನೋಡಿ ಬಂದವರು ಎಷ್ಟು ಜನ ಇದ್ದೀರಿ? ಪರವಾಗಿಲ್ಲ, ಸುಮಾರು ಕೈಗಳು ಮೇಲೆದ್ದವು. ಯೂಂಗ್‌ಫ್ರೌ, ಟಿಟ್ಲಿಸ್, ಲುಸರ್ನ್, ಇಂಟರ್‌ಲಾಕನ್. ಪ್ಯಾಕೇಜ್‌ನಲ್ಲಿ ಹೋದವರೆಲ್ಲ ನೋಡಿರುತ್ತೀರಿ. ಚೆನ್ನಾಗಿಯೇ ಇವೆ, ನಾನೇನೂ ದೂರಲ್ಲ. ರೈಲೋ ಕೇಬಲ್ ಕಾರೋ ನಮ್ಮನ್ನು ಮೇಲೆ ತಂದು ಬಿಡುತ್ತದೆ, ನೋಡುತ್ತೇವೆ, ಫೋಟೋ ತೆಗೆದುಕೊಳ್ಳುತ್ತೇವೆ, ಇಳಿಯುತ್ತೇವೆ.

ಇವತ್ತು ಹೇಳುತ್ತಿರುವ ಜಾಗ ಬೇರೆ ಥರದ್ದು. ಅಲ್ಲಿಗೆ ಜನ ಹೋಗುತ್ತಿದ್ದದ್ದು ದಾಟುವುದಕ್ಕೆ. ವ್ಯಾಪಾರಿಗಳು, ಸೈನಿಕರು, ಯಾತ್ರಿಕರು, ಕಳ್ಳಸಾಗಣೆಯವರು, ಎಲ್ಲರೂ. ಬೇಗ ದಾಟಿದರೆ ಸಾಕಪ್ಪ ಅಂತಲೇ ದಾಟಿದ್ದಾರೆ. ದಾಟಲಾಗದೆ ಅಲ್ಲೇ ಉಳಿದವರೂ ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗ್ರೇಟ್ ಸೇಂಟ್ ಬರ್ನಾರ್ಡ್ ಪಾಸ್. ಸ್ವಿಟ್ಜರ್‌ಲ್ಯಾಂಡಿನ ವಲೇ ರಾಜ್ಯಕ್ಕೂ ಇಟಲಿಯ ಆವೋಸ್ತಾ ಕಣಿವೆಗೂ ನಡುವೆ ಇರುವ ಘಾಟಿ. ಎತ್ತರ 2,469 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರಿಗೂ ಜಾಸ್ತಿ. ಹಿಮಾಲಯ ಸುತ್ತಿದವರಿಗೆ ಇದೇನು ಎತ್ತರ ಅನಿಸಬಹುದು. ರೋಹ್ತಾಂಗ್ ಇದಕ್ಕಿಂತ ಒಂದೂವರೆ ಸಾವಿರ ಮೀಟರ್ ಮೇಲಿದೆ. ಆದರೆ ಆಲ್ಪ್ಸ್ ಇರುವುದು ಭೂಮಧ್ಯರೇಖೆಯಿಂದ ಇನ್ನೂ ದೂರ. ಅಲ್ಲಿ ಈ ಎತ್ತರದಲ್ಲಿ ಮರ ಬೆಳೆಯುವುದಿಲ್ಲ. ಒಂದು ಚಳಿಗಾಲಕ್ಕೆ 10 ಮೀಟರಿಗೂ ಜಾಸ್ತಿ ಹಿಮ ಬೀಳುತ್ತದೆ. ರಸ್ತೆ ತೆರೆದಿರುವುದು ಹೆಚ್ಚುಕಡಿಮೆ ಜೂನ್ ಮೊದಲ ಭಾಗದಿಂದ ಅಕ್ಟೋಬರ್ ನಡುವಿನ ತನಕ. ಮಿಕ್ಕ ತಿಂಗಳು ಕಾರು ಹೋಗುವ ಮಾತೇ ಇಲ್ಲ.

ಈಗ ಒಂದು ಕವಲು ದಾರಿಯ ಬಗ್ಗೆ ಹೇಳಬೇಕು. ನನ್ನ ಇಡೀ ಮಾತು ಇರುವುದೇ ಅದರ ಮೇಲೆ.

ಮಾರ್ಟಿನ್ಯಿ ಅನ್ನುವ ಊರಿನಿಂದ ಈ ರಸ್ತೆ ಶುರುವಾಗುತ್ತದೆ. ಊರು 471 ಮೀಟರ್ ಎತ್ತರದಲ್ಲಿದೆ. ಅಂದರೆ ನಲವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ 2,000 ಮೀಟರ್ ಹತ್ತಬೇಕು. ಒರ್ಸಿಯೇರ್, ಲಿಡ್, ಬೂರ್-ಸ್ಯಾಂ-ಪಿಯೇರ್ ಅಂತ ಹಳ್ಳಿಗಳು ಬರುತ್ತವೆ. ಆಮೇಲೆ ರಸ್ತೆ ಕಾಂಕ್ರೀಟ್ ಮಾಡಿನ ಒಳಗೆ ನುಗ್ಗುತ್ತದೆ. ಹಿಮಕುಸಿತ ರಸ್ತೆಯ ಮೇಲೆ ಬೀಳದೆ ಮಾಡಿನ ಮೇಲಿಂದ ಜಾರಿ ಹೋಗಲಿ ಅಂತ ಕಟ್ಟಿದ್ದು. ಒಳಗೆ ಅರೆಗತ್ತಲು, ಲಾರಿಗಳ ಸದ್ದು, ಡೀಸೆಲ್ ವಾಸನೆ. ಸೈಕಲ್ ತುಳಿಯುವವರ ಪಾಡು ಕೇಳಬೇಡಿ. 1,900 ಮೀಟರ್ ಎತ್ತರದಲ್ಲಿ ರಸ್ತೆ ಎರಡಾಗುತ್ತದೆ. ಲಾರಿಗಳೆಲ್ಲ ನೇರ ಸುರಂಗದೊಳಗೆ. ಸುಂಕ ಕಟ್ಟಿ, 5.8 ಕಿಲೋಮೀಟರ್ ಬೆಟ್ಟದ ಹೊಟ್ಟೆಯಲ್ಲಿ ಹೋಗಿ ಇಟಲಿಯಲ್ಲಿ ಏಳುತ್ತವೆ. ನೀವು ಮೇಲಿನ ದಾರಿ ಹಿಡಿದರೆ ಎರಡೇ ತಿರುವಿನಲ್ಲಿ ಸದ್ದು ನಿಂತುಹೋಗುತ್ತದೆ. ಹುಲ್ಲು, ಕಲ್ಲು, ಹರಿಯುವ ನೀರು. ಎಲ್ಲೋ ಒಂದು ಮಾರ್ಮಟ್ ಸಿಳ್ಳೆ ಹಾಕುತ್ತದೆ. ದಪ್ಪ ಅಳಿಲಿನ ಜಾತಿಯ ಪ್ರಾಣಿ ಅದು, ಬಿಲದ ಬಾಯಲ್ಲಿ ನಿಂತು ಕಾವಲು ಕಾಯುತ್ತದೆ.

ಆ ಸುರಂಗ ತೆರೆದದ್ದು 1964ರಲ್ಲಿ. ಮೋಂ ಬ್ಲಾಂಕ್ ಸುರಂಗಕ್ಕಿಂತ ಒಂದು ವರ್ಷ ಮೊದಲು. ಅವತ್ತಿನಿಂದ ಪಾಸ್ ದಾಟಲೇಬೇಕಾದ ಗರಜು ಯಾರಿಗೂ ಇಲ್ಲ. ಮೊನ್ನೆ ಮೊನ್ನೆ, 2020ರಲ್ಲಿ ಅಟಲ್ ಸುರಂಗ ಬಂದ ಮೇಲೆ ರೋಹ್ತಾಂಗ್‌ಗೂ ಇದೇ ಆಯಿತು, ಅಲ್ವಾ? ಕೆಲಸವಿದ್ದವರು ಕೆಳಗೆ ಹೋಗುತ್ತಾರೆ. ಮೇಲೆ ಬರುವವರು ಬರಬೇಕು ಅಂತ ಮನಸ್ಸು ಮಾಡಿ ಬಂದವರು. ನನ್ನ ಪ್ರಕಾರ ಈ ಪಾಸ್ ನೋಡಲು ಯೋಗ್ಯವಾಗಿರುವುದು ಇದರಿಂದಲೇ. ಅದೂ ಒಂದು ರಾತ್ರಿ ಉಳಿದರೆ ಮಾತ್ರ. ಮಧ್ಯಾಹ್ನ ಬಂದು, ನಾಯಿ ನೋಡಿ, ಐಸ್‌ಕ್ರೀಂ ತಿಂದು, ಬೊಂಬೆ ಕೊಂಡು ಹೋಗುವವರ ಪಾಲಿಗೆ ಅದೊಂದು ಪಾರ್ಕಿಂಗ್ ಜಾಗ, ಪಕ್ಕದಲ್ಲಿ ಕೆರೆ, ಅಷ್ಟೇ.

ಸರಿ, ಮೇಲೆ ಏನಿದೆ?

ಒಂದು ಕೆರೆ ಇದೆ. ಕೆಲವು ವರ್ಷ ಜೂನ್ ಕಳೆದರೂ ಮಂಜುಗಡ್ಡೆ ಪೂರ್ತಿ ಕರಗಿರುವುದಿಲ್ಲ. ಕೆರೆಯ ಸ್ವಿಸ್ ತುದಿಯಲ್ಲಿ ಬೂದು ಬಣ್ಣದ ಎತ್ತರದ ದೊಡ್ಡ ಕಟ್ಟಡ, ದಪ್ಪ ಗೋಡೆ, ಸಾಲು ಸಾಲು ಸಣ್ಣ ಕಿಟಕಿ. ಅಂದಚಂದ ಏನೂ ಇಲ್ಲ. ಅದೇ ಹಾಸ್ಪೀಸ್. ನಾವು ಛತ್ರ ಅನ್ನೋಣ, ಆ ಮಾತು ಸರಿಯಾಗಿ ಕೂರುತ್ತದೆ.

ಈ ಛತ್ರ ಶುರುವಾದದ್ದು 1050ರ ಸುಮಾರಿಗೆ. ಆವೋಸ್ತಾದ ಚರ್ಚಿನಲ್ಲಿ ಆರ್ಚ್‌ಡೀಕನ್, ಅಂದರೆ ಬಿಷಪ್ಪನ ಕೆಳಗಿನ ಹಿರಿಯ ಪಾದ್ರಿ ಆಗಿದ್ದ ಬರ್ನಾರ್ಡ್ ಕಟ್ಟಿಸಿದ್ದು. ಅದಕ್ಕೆ ಹಿಂದಿನ ನೂರು ವರ್ಷ ಈ ದಾರಿ ಬಹಳ ಕೆಟ್ಟಿತ್ತು. ಹತ್ತನೇ ಶತಮಾನದಲ್ಲಿ ಸಾರಸೆನ್ ಅಂತ ಯೂರೋಪಿನವರು ಕರೆಯುತ್ತಿದ್ದ ಮುಸ್ಲಿಂ ಪಡೆಗಳು ಘಾಟಿಯನ್ನು ಹಿಡಿದುಕೊಂಡು ದಾರಿಹೋಕರನ್ನು ದೋಚುತ್ತಿದ್ದವು. 972ರಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಮಯೋಲಸ್‌ನನ್ನೇ ಹಿಡಿದು ಹಣ ಕೇಳಿದರು. ಕೇಳಿದಷ್ಟು ಕೊಟ್ಟು ಬಿಡಿಸಿಕೊಂಡರು. ಆದರೆ ಅಷ್ಟು ದೊಡ್ಡ ಮನುಷ್ಯನಿಗೇ ಕೈ ಹಾಕಿದ್ದು ಅವರಿಗೆ ಮುಳುವಾಯಿತು. ಸುತ್ತಲಿನ ಪಾಳೆಗಾರರು ಒಟ್ಟು ಸೇರಿ ಅವರನ್ನು ಓಡಿಸಿದರು. 990ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ವಾಪಸ್ಸು ಬರುವಾಗ ಇದೇ ದಾರಿಯಲ್ಲಿ ನಡೆದ. ತಾನು ತಂಗಿದ 79 ಊರುಗಳ ಪಟ್ಟಿ ಬರೆಸಿಟ್ಟ. ಇವತ್ತು ಕ್ಯಾಂಟರ್‌ಬರಿಯಿಂದ ರೋಮಿಗೆ ನಡೆಯುವ ವಿಯಾ ಫ್ರಾಂಚಿಜೆನಾ ಯಾತ್ರೆಗೆ ಆ ಪಟ್ಟಿಯೇ ಆಧಾರ. ಬೇಸಿಗೆಯಲ್ಲಿ ಬೆನ್ನಿಗೆ ಚೀಲ ಹೊತ್ತ ಯಾತ್ರಿಕರು ಸಂಜೆ ಹೊತ್ತಿಗೆ ಒಬ್ಬೊಬ್ಬರೇ ಈ ಛತ್ರ ತಲುಪುತ್ತಾರೆ.

ಬರ್ನಾರ್ಡ್ ಹಾಕಿಕೊಟ್ಟ ನಿಯಮ ಸರಳ. ಬಂದವರಿಗೆ ಬಾಗಿಲು ತೆರೆದಿರಬೇಕು. ಹೆಚ್ಚುಕಡಿಮೆ ಸಾವಿರ ವರ್ಷ ಆಯಿತು, ಈಗಲೂ ಪಾದ್ರಿಗಳ ಒಂದು ಪುಟ್ಟ ಗುಂಪು ವರ್ಷವಿಡೀ ಅಲ್ಲಿರುತ್ತದೆ. ಚಳಿಗಾಲದಲ್ಲಿ ರಸ್ತೆ ಮುಚ್ಚಿದಾಗಲೂ. ನೀವು ಹೋದರೆ ಬಾಗಿಲು ತಳ್ಳಿ ನೋಡಿ. ಭಾರವಾದ ಬಾಗಿಲು, ಬೀಗ ಇರುವುದಿಲ್ಲ. ಒಳಗೆ ಕಲ್ಲಿನ ಮೆಟ್ಟಿಲು. ಶತಮಾನಗಳ ಬೂಟು ತುಳಿದು ಮೆಟ್ಟಿಲ ಅಂಚು ಸವೆದಿದೆ. ಹಜಾರ ಆಗಸ್ಟಿನಲ್ಲೂ ತಣ್ಣಗಿರುತ್ತದೆ. ಮಲಗುವ ಕೋಣೆಗಳಲ್ಲಿ ಕಂಬಳಿ ದಪ್ಪ, ಸೌಕರ್ಯ ಅಷ್ಟಕ್ಕಷ್ಟೇ. ಸ್ಟಾರ್ ಹೋಟೆಲ್ ನಿರೀಕ್ಷೆ ಇಟ್ಟುಕೊಂಡರೆ ಜಗಳ ಆಗುತ್ತದೆ. ಅಂಥವರಿಗೆ ಎದುರಿಗೇ ಬೇರೆ ಹೋಟೆಲ್ ಇದೆ.

ಊಟಕ್ಕೆ ಉದ್ದನೆಯ ಮೇಜು. ಎಲ್ಲರೂ ಒಟ್ಟಿಗೆ ಕೂರಬೇಕು. ದೊಡ್ಡ ಪಾತ್ರೆಯಲ್ಲಿ ಸೂಪು ಬರುತ್ತದೆ, ಬಡಿಸಿಕೊಂಡು ಪಕ್ಕದವರಿಗೆ ದಾಟಿಸಬೇಕು. ನನ್ನ ಒಂದು ಪಕ್ಕ ಸೈಕಲ್ ತುಳಿದು ಬಂದ ದಂಪತಿ, ಇನ್ನೊಂದು ಪಕ್ಕ ರೋಮಿಗೆ ನಡೆಯುತ್ತಿದ್ದ ನಿವೃತ್ತ ಮೇಷ್ಟರು. ಮೇಷ್ಟರು ಊಟ ಮುಗಿಯುವ ತನಕ ಕಾಲಿನ ಬೊಕ್ಕೆಗಳ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಯಾತ್ರೆ ಅಂದರೆ ಹಾಗೇ.

ಕತ್ತಲಾದ ಮೇಲೆ ಕಾರುಗಳೆಲ್ಲ ಇಳಿದು ಹೋಗಿರುತ್ತವೆ. ಅಂಗಡಿ ಮುಚ್ಚಿರುತ್ತದೆ. ಇಟಲಿ ಕಡೆಯಿಂದ ತೇವದ ಗಾಳಿ ಏರಿ ಬಂದು ಇಲ್ಲಿ ತಣ್ಣಗಾಗಿ ಮಂಜಾಗುತ್ತದೆ. ಹತ್ತು ನಿಮಿಷದಲ್ಲಿ ಕೆರೆ ಕಾಣಿಸುವುದಿಲ್ಲ, ಇನ್ನೈದು ನಿಮಿಷಕ್ಕೆ ಎದುರಿನ ಕಟ್ಟಡ ಕಾಣಿಸುವುದಿಲ್ಲ. ಕೆರೆಯ ಅಂಚಿನಲ್ಲಿ ನಿಂತರೆ ನಿಮ್ಮ ಕಾಲು ಮಾತ್ರ ಕಾಣುತ್ತದೆ. ಇಲ್ಲಿ ಛತ್ರ ಯಾಕೆ ಬೇಕಾಗಿತ್ತು ಅಂತ ಆಗ ಗೊತ್ತಾಗುತ್ತದೆ, ವಸ್ತುಸಂಗ್ರಹಾಲಯದ ಫಲಕ ಓದಬೇಕಾಗಿಲ್ಲ.

ಛತ್ರದ ಹತ್ತಿರ ಒಂದು ಸಣ್ಣ ಕಲ್ಲಿನ ಕಟ್ಟಡ ಇದೆ. ಬಹಳ ಜನ ಗಮನಿಸುವುದೇ ಇಲ್ಲ. ಅದು ಶವಾಗಾರ. ಹಿಮದಲ್ಲಿ ಸಿಕ್ಕಿ ಸತ್ತವರನ್ನು ಹೂಳೋಣ ಅಂದರೆ ಇಲ್ಲಿ ಮಣ್ಣಿಲ್ಲ, ಬರೀ ಬಂಡೆ. ಗುರುತು ಹಿಡಿಯಲು ಮನೆಯವರು ಯಾವಾಗ ಬರುತ್ತಾರೋ ಗೊತ್ತಿಲ್ಲ. ಹಾಗಾಗಿ ಹೆಣಗಳನ್ನು ಅಲ್ಲೇ ಇರಿಸುತ್ತಿದ್ದರು. ಒಣ ಚಳಿಗೆ ಅವು ಕೊಳೆಯುತ್ತಿರಲಿಲ್ಲ. 19ನೇ ಶತಮಾನದ ಪ್ರವಾಸಿಗರು ಇದನ್ನು ಇಣುಕಿ ನೋಡಲೆಂದೇ ಬರುತ್ತಿದ್ದರು. 20ನೇ ಶತಮಾನದಲ್ಲಿ ಗೋಡೆ ಕಟ್ಟಿ ಮುಚ್ಚಿಬಿಟ್ಟರು. ಒಳ್ಳೆಯದೇ ಆಯಿತು.

ಈಗ ನಾಯಿಗಳಿಗೆ ಬರೋಣ. ನೀವೆಲ್ಲ ಕಾಯುತ್ತಿರುವುದು ಅದಕ್ಕೇ, ಗೊತ್ತು.

ಸೇಂಟ್ ಬರ್ನಾರ್ಡ್ ನಾಯಿಗೆ ಹೆಸರು ಬಂದದ್ದು ಈ ಛತ್ರದಿಂದ. 17ನೇ ಶತಮಾನದ ನಡುವಿನ ನಂತರ ಇಲ್ಲಿ ನಾಯಿ ಸಾಕಲು ಶುರು ಮಾಡಿದರು. ಮೊದಲು ಕಾವಲಿಗೆ. ಆಮೇಲೆ ಹಿಮದಲ್ಲಿ ದಾರಿ ಹುಡುಕುವುದಕ್ಕೆ, ಹೂತುಹೋದವರ ವಾಸನೆ ಹಿಡಿಯುವುದಕ್ಕೆ. ಅತಿ ಹೆಸರಾದ ನಾಯಿ ಬಾರಿ. 1800ರಲ್ಲಿ ಹುಟ್ಟಿದ್ದು. ನಲವತ್ತಕ್ಕೂ ಜಾಸ್ತಿ ಜನರನ್ನು ಉಳಿಸಿತು ಅಂತ ಪ್ರತೀತಿ. ಕೊನೆಯದಾಗಿ ಉಳಿಸಲು ಹೋದವನೇ ತೋಳ ಅಂದುಕೊಂಡು ಇರಿದು ಕೊಂದ ಅನ್ನುವ ಕತೆ ಎಲ್ಲ ಕಡೆ ಓಡಾಡುತ್ತದೆ. ಕಣ್ಣೀರು ತರಿಸುವ ಕತೆ, ಆದರೆ ಸುಳ್ಳು. ಬಾರಿಗೆ ವಯಸ್ಸಾದಾಗ 1812ರಲ್ಲಿ ಬರ್ನ್ ಊರಿಗೆ ಕರೆದುಕೊಂಡು ಹೋದರು. ಎರಡು ವರ್ಷ ಆರಾಮಾಗಿದ್ದು 1814ರಲ್ಲಿ ಸತ್ತಿತು. ಅದರ ಚರ್ಮ ತುಂಬಿದ ದೇಹ ಈಗಲೂ ಬರ್ನ್‌ನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ನೋಡಿದರೆ ಆಶ್ಚರ್ಯ ಆಗುತ್ತದೆ. ಇವತ್ತಿನ ಸೇಂಟ್ ಬರ್ನಾರ್ಡ್ ನಾಯಿಗಿಂತ ಎಷ್ಟೋ ಚಿಕ್ಕದು. ತಲೆಯೂ ಅಷ್ಟು ದಪ್ಪ ಇಲ್ಲ. ಹಿಮದಲ್ಲಿ ಓಡಾಡುವ ಕೆಲಸದ ನಾಯಿ ಅದು. ಈಗಿನ ದಢೂತಿಗಳನ್ನು ರಕ್ಷಣೆಗೆ ಹೋಗುವ ಹೆಲಿಕಾಪ್ಟರಿಗೆ ಹತ್ತಿಸುವುದೇ ಕಷ್ಟ.

ಕೊರಳಿನ ಬ್ರಾಂದಿ ಪೀಪಾಯಿ? ಅದೂ ಚಿತ್ರಕಾರನ ಕೊಡುಗೆ. 1820ರಲ್ಲಿ ಎಡ್ವಿನ್ ಲ್ಯಾಂಡ್‌ಸಿಯರ್ ಅನ್ನುವ ಇಂಗ್ಲಿಷ್ ಹುಡುಗ, ಆಗಿನ್ನೂ ಅವನಿಗೆ ಇಪ್ಪತ್ತು ತುಂಬಿರಲಿಲ್ಲ, ಹಿಮದಲ್ಲಿ ಬಿದ್ದವನನ್ನು ಎಬ್ಬಿಸುವ ಎರಡು ನಾಯಿಗಳ ಚಿತ್ರ ಬರೆದ. ಒಂದರ ಕೊರಳಿಗೆ ಪುಟ್ಟ ಪೀಪಾಯಿ ಕಟ್ಟಿದ. ಅಲ್ಲಿಂದ ಮುಂದೆ ಲೋಕವೆಲ್ಲ ಅದನ್ನೇ ನಂಬಿತು. ಚಳಿಗೆ ಮರಗಟ್ಟಿದವರಿಗೆ ಬ್ರಾಂದಿ ಕೊಡಬಾರದು, ಮೈಯ ಶಾಖ ಇನ್ನೂ ಬೇಗ ಹೋಗುತ್ತದೆ. ಆದರೂ ಅಂಗಡಿಯಲ್ಲಿ ಮಾರುವ ಎಲ್ಲ ಬೊಂಬೆ ನಾಯಿಗಳ ಕೊರಳಲ್ಲೂ ಪೀಪಾಯಿ ನೇತಾಡುತ್ತದೆ. ವ್ಯಾಪಾರ ನಡೆಯಬೇಕಲ್ಲ.

2005ರಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಜವಾಬ್ದಾರಿ ಪಾದ್ರಿಗಳಿಂದ ಬಾರಿ ಪ್ರತಿಷ್ಠಾನಕ್ಕೆ ಹೋಯಿತು. ಅದರ ಕೇಂದ್ರ ಕೆಳಗೆ ಮಾರ್ಟಿನ್ಯಿಯಲ್ಲಿದೆ. ಚಳಿಗಾಲ ನಾಯಿಗಳು ಅಲ್ಲಿರುತ್ತವೆ, ಬೇಸಿಗೆಯಲ್ಲಿ ಕೆಲವನ್ನು ಮೇಲೆ ಕರೆತರುತ್ತಾರೆ. ಅವುಗಳ ಜೊತೆ ಬೆಟ್ಟದಲ್ಲಿ ಸ್ವಲ್ಪ ದೂರ ನಡೆಯುವ ಏರ್ಪಾಟೂ ಇದೆ, ಮೊದಲೇ ಕಾದಿರಿಸಬೇಕು. ಮಕ್ಕಳಿದ್ದರೆ ಖಂಡಿತ ಮಾಡಿ. ಆ ನಾಯಿ ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ. ಹೆಚ್ಚಿನ ಸಲ ನೀವೇ ಅದನ್ನು ಎಬ್ಬಿಸಬೇಕಾಗುತ್ತದೆ. ಆ ನಾಯಿಗಳಲ್ಲಿ ಒಂದಕ್ಕೆ ಯಾವಾಗಲೂ ಬಾರಿ ಅಂತಲೇ ಹೆಸರು.

ಬಾರಿ ಹುಟ್ಟಿದ ವರ್ಷವೇ, 1800ರ ಮೇ ತಿಂಗಳಲ್ಲಿ, ನೆಪೋಲಿಯನ್ ಇಲ್ಲಿ ದಾಟಿದ. ಜೊತೆಗೆ 40,000ದಷ್ಟು ಸೈನಿಕರು. ರಸ್ತೆಯೇ ಇರಲಿಲ್ಲ, ಹೇಸರಗತ್ತೆ ಹೋಗುವ ಕಾಲುದಾರಿ. ಹಿಮ ಇನ್ನೂ ಕರಗಿರಲಿಲ್ಲ. ಫಿರಂಗಿಗಳನ್ನು ಬಿಚ್ಚಿ, ಕೊಳವೆಗಳನ್ನು ಟೊಳ್ಳು ಮಾಡಿದ ಮರದ ದಿಮ್ಮಿಗಳೊಳಗೆ ಇಟ್ಟು, ಹಗ್ಗ ಕಟ್ಟಿ ಎಳೆದರು. ಛತ್ರದವರು ಸೈನಿಕರಿಗೆ ಬ್ರೆಡ್ಡು, ಚೀಸ್, ವೈನ್ ಕೊಟ್ಟರು. ಹಿಂಗಾಲ ಮೇಲೆ ಎದ್ದ ಬಿಳಿ ಕುದುರೆಯ ಮೇಲೆ ಕೆಂಪು ಮೇಲಂಗಿ ಹಾರಿಸುತ್ತ ಕೂತ ನೆಪೋಲಿಯನ್ ಚಿತ್ರ ನೋಡಿರುತ್ತೀರಲ್ಲ, ಫ್ರೆಂಚ್ ಚಿತ್ರಕಾರ ದಾವಿದ್ ಬರೆದದ್ದು, ಅದು ಈ ಪಾಸ್‌ನದೇ. ನಿಜವಾಗಿ ಅವನು ಬಂದದ್ದು ಹೇಸರಗತ್ತೆಯ ಮೇಲೆ, ಊರಿನವನೊಬ್ಬ ದಾರಿ ತೋರಿಸುತ್ತಿದ್ದ. ಆ ದಾರಿಯಲ್ಲಿ ಹೇಸರಗತ್ತೆಯೇ ಸರಿ.

ಇದರ ಬಾಲಂಗೋಚಿ ನನಗೆ ಇನ್ನೂ ಇಷ್ಟ. ಸೇನೆ ಬೂರ್-ಸ್ಯಾಂ-ಪಿಯೇರ್ ಹಳ್ಳಿಯಲ್ಲಿ ಮರ ಕಡಿಯಿತು, ಅಡುಗೆ ಪಾತ್ರೆ ತೆಗೆದುಕೊಂಡು ಹೋಯಿತು, ಜನರಿಂದ ದುಡಿಸಿಕೊಂಡಿತು. ಎಲ್ಲದಕ್ಕೂ ಹಣ ಕೊಡುತ್ತೇನೆ ಅಂತ ನೆಪೋಲಿಯನ್ ಬರೆದುಕೊಟ್ಟ. ಪೂರ್ತಿ ಹಣ ಬರಲೇ ಇಲ್ಲ. ಹಳ್ಳಿಯವರು ಕಾಗದ ಜೋಪಾನವಾಗಿ ಇಟ್ಟುಕೊಂಡು, ತಲೆಮಾರಿನ ಮೇಲೆ ತಲೆಮಾರು ಪ್ಯಾರಿಸ್‌ಗೆ ನೆನಪಿಸುತ್ತಲೇ ಇದ್ದರು. 1984ರಲ್ಲಿ ಫ್ರಾನ್ಸ್ ಅಧ್ಯಕ್ಷ ಮಿತ್ತೆರಾಂ ಸಾಂಕೇತಿಕವಾಗಿ ಏನೋ ಕೊಟ್ಟು ಲೆಕ್ಕ ಮುಗಿಸಿದರು. ಹೆಚ್ಚುಕಡಿಮೆ 184 ವರ್ಷದ ಬಾಕಿ! ಆ ಹಳ್ಳಿಯಲ್ಲಿ ಸುಮ್ನೆ ಬಸ್ಸಿನಿಂದ ಇಳಿದು ಒಂದು ಗಂಟೆ ಅಡ್ಡಾಡಿ. 1889ರಲ್ಲಿ ಶುರುವಾದ ಲಿನೆಯಾ ಅನ್ನುವ ಆಲ್ಪೈನ್ ಗಿಡಗಳ ತೋಟ ಅಲ್ಲಿದೆ. ಮೇಲೆ ಬೆಟ್ಟದಲ್ಲಿ ಕಾಣಬಹುದಾದ ಹೂಗಳೆಲ್ಲ ಹೆಸರಿನ ಚೀಟಿ ಹೊತ್ತು ಸಾಲಾಗಿ ಸಿಗುತ್ತವೆ. ಅಲ್ಲಿಂದ ಸ್ವಲ್ಪ ಮೇಲೆ ತೂಲ್ ಅಣೆಕಟ್ಟು. ಅದರ ನೀರಿನ ಮೇಲೆ 2019ರಲ್ಲಿ ತೇಲುವ ಸೌರ ಫಲಕಗಳನ್ನು ಪ್ರಾಯೋಗಿಕವಾಗಿ ಹಾಕಿದರು. ಎರಡೂ ಮುಖದಿಂದ ಬೆಳಕು ಹೀರುವ ಫಲಕಗಳು. ಚಳಿಗಾಲದಲ್ಲಿ ಸುತ್ತಲಿನ ಹಿಮದಿಂದ ಚಿಮ್ಮುವ ಬೆಳಕೂ ಕರೆಂಟ್ ಆಗುತ್ತದೆ.

ಛತ್ರದ ಚರ್ಚಿನೊಳಗೆ ದೆಸೇ ಅನ್ನುವ ಸೇನಾಪತಿಯ ಸಮಾಧಿ ಇದೆ. ನೆಪೋಲಿಯನ್‌ನ ಸೇನೆ ಪಾಸ್ ದಾಟಿದ ಮುಂದಿನ ತಿಂಗಳೇ ಇಟಲಿಯ ಮರೆಂಗೊ ಯುದ್ಧದಲ್ಲಿ ಸತ್ತವನು. ಗೆಲುವು ತಂದುಕೊಟ್ಟವನು ಅವನೇ, ಹೆಸರು ಬಂದದ್ದು ನೆಪೋಲಿಯನ್‌ಗೆ. ಅವನನ್ನು ಈ ಚಳಿಯಲ್ಲಿ ತಂದು ಹೂಳಿಸಿದವನೂ ನೆಪೋಲಿಯನ್ನೇ.

ವಸ್ತುಸಂಗ್ರಹಾಲಯದಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಸಣ್ಣ ಕಂಚಿನ ತಗಡುಗಳ ಮುಂದೆ. ಅಂಗೈಯಷ್ಟು ಅಗಲ. ಮೇಲೆ ಲ್ಯಾಟಿನ್ ಅಕ್ಷರ, ಕೆಲವು ನೀಟಾಗಿ, ಕೆಲವು ಅಂಕುಡೊಂಕಾಗಿ. ಅಂಚಿನಲ್ಲಿ ಮೊಳೆ ಹೊಡೆಯಲು ತೂತು. ರೋಮನ್ನರ ಕಾಲದಲ್ಲಿ ಪಾಸ್‌ನ ನೆತ್ತಿಯ ಮೇಲೆ ಜುಪಿಟರ್ ಪೊಯಿನಿನಸ್ ಅನ್ನುವ ದೇವರ ಗುಡಿ ಇತ್ತು. ಸುರಕ್ಷಿತವಾಗಿ ಹೋಗಿ ಬಂದದ್ದಕ್ಕೆ ಜನ ಹೆಸರು ಬರೆಸಿ ಗುಡಿಗೆ ಹೊಡೆಸಿದ ತಗಡುಗಳಿವು. ನಮ್ಮ ಹರಕೆ ಥರವೇ. ಸೈನಿಕನ ಹೆಸರಿದೆ, ವ್ಯಾಪಾರಿಯ ಹೆಸರಿದೆ, ಗುಲಾಮನ ಹೆಸರಿದೆ. ಐವತ್ತರಷ್ಟು ಸಿಕ್ಕಿವೆ. ದೊಡ್ಡ ದೊಡ್ಡ ಸೇನಾಪತಿಗಳ ಕತೆ ಓದಿದ ಮೇಲೆ, ದಾರಿಯ ಭಯ ಎಲ್ಲರಿಗೂ ಒಂದೇ ಇತ್ತು ಅಂತ ಈ ತಗಡು ನೋಡಿದರೆ ಗೊತ್ತಾಗುತ್ತದೆ.

ಆ ಗುಡಿಯ ಜಾಗಕ್ಕೆ ನಡೆದೇ ಹೋಗಬಹುದು. ಕೆರೆ ಬಳಸಿ ಗಡಿ ದಾಟಿದರೆ ಇಟಲಿ. ಬೆಳಿಗ್ಗೆ ಕಾಫಿಗೆ ಇಟಲಿಗೆ ಹೋಗಿ ಬಂದೆ ಅಂತ ಊರಲ್ಲಿ ಹೇಳಿಕೊಳ್ಳಬಹುದು. ಕಾಫಿ ಅಲ್ಲೇ ಅಗ್ಗ, ಅಲ್ಲೇ ಚೆನ್ನ. ಬರ್ನಾರ್ಡನ ಪ್ರತಿಮೆ ನಿಂತಿರುವ ಬಯಲೇ ಗುಡಿ ಇದ್ದ ಜಾಗ. ಪಕ್ಕದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ರೋಮನ್ ರಸ್ತೆಯ ತುಂಡು ಉಳಿದಿದೆ. ಕ್ರಿಸ್ತಪೂರ್ವ 57ರಲ್ಲಿ ಸೀಸರ್ ಈ ದಾರಿ ಬಿಡಿಸಿಕೊಳ್ಳಲು ಗಾಲ್ಬಾ ಅನ್ನುವವನನ್ನು ಕಳಿಸಿದ್ದ. ಮಾರ್ಟಿನ್ಯಿಯಲ್ಲಿ ಸ್ಥಳೀಯರು ಅವನನ್ನು ಸುತ್ತುವರಿದು ಹೊಡೆದರು. ಹೇಗೋ ಅವರನ್ನು ಹಿಮ್ಮೆಟ್ಟಿಸಿದ, ಆದರೆ ಮರುದಿನವೇ ಗಂಟುಮೂಟೆ ಕಟ್ಟಿ ಹೊರಟ. ರಸ್ತೆ ಸರಿಯಾಗಿ ಆದದ್ದು ಅದಾಗಿ ನೂರು ವರ್ಷಕ್ಕೆ, ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ.

ಇನ್ನು ನಡಿಗೆ. ನಿಮ್ಮಲ್ಲಿ ಕುಮಾರಪರ್ವತ ಹತ್ತಿದವರಿದ್ದೀರಿ, ನಿಮಗೆ ಇದು ಕಷ್ಟವೇನಲ್ಲ. ಒಂದೇ ನಡಿಗೆಗೆ ಸಮಯ ಇದ್ದರೆ ಫೆನೆತ್ರ್ ಕೆರೆಗಳಿಗೆ ಹೋಗಿ. ಪಾಸ್‌ನಿಂದ ಇಟಲಿ ಕಡೆ ರಸ್ತೆಯಲ್ಲಿ ಸ್ವಲ್ಪ ಇಳಿದು, ಬಲಕ್ಕೆ ಕಾಲುದಾರಿ ಹಿಡಿದು, 2,698 ಮೀಟರ್ ಎತ್ತರದ ಫೆನೆತ್ರ್ ದ ಫೆರೆ ಅನ್ನುವ ಇನ್ನೊಂದು ಘಾಟಿ ಏರಬೇಕು. ಏರುವಷ್ಟು ಹೊತ್ತೂ ಎದುರಿಗೆ ಕಲ್ಲಿನ ಗೋಡೆ ಬಿಟ್ಟು ಏನೂ ಕಾಣಿಸುವುದಿಲ್ಲ. ನೆತ್ತಿ ಮುಟ್ಟಿದಾಗ ಕೆಳಗೆ ಮೂರು ಕೆರೆ, ಅವುಗಳ ಆಚೆ ಮೋಂ ಬ್ಲಾಂಕ್ ಸಾಲಿನ ಗ್ರಾಂಡ್ ಜೊರಾಸ್ ಶಿಖರ. ಗಾಳಿ ಇಲ್ಲದ ಬೆಳಿಗ್ಗೆಯಾದರೆ ಶಿಖರ ಕೆರೆಯಲ್ಲೂ ಕಾಣುತ್ತದೆ. ಬೇಗ ಹೊರಡಿ. ಹತ್ತು ಗಂಟೆಯ ಮೇಲೆ ಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ಮೋಡ ಬರುತ್ತದೆ. ಕಾಲು ಗಟ್ಟಿ ಇದ್ದವರು ಬಂದ ದಾರಿಯಲ್ಲಿ ತಿರುಗದೆ ಬಾಸ್ತಿಯೋಂ ಮತ್ತು ಶೆವೋ ಅನ್ನುವ ಇನ್ನೆರಡು ಘಾಟಿ ದಾಟಿ ಸುತ್ತು ಹಾಕಿಕೊಂಡು ಸ್ವಿಸ್ ಕಡೆಯಿಂದ ವಾಪಸ್ಸು ಬರಬಹುದು. ಪೂರ್ತಿ ದಿನದ ಕೆಲಸ. ಅಲ್ಲಿ ಕಾಡುಮೇಕೆ ಕಾಣುವ ಸಾಧ್ಯತೆಯೂ ಜಾಸ್ತಿ. ಐಬೆಕ್ಸ್ ಅನ್ನುತ್ತಾರೆ, ಹಿಂದಕ್ಕೆ ಬಾಗಿದ ಉದ್ದ ಕೊಂಬು.

ಇಳಿಯುವುದೇ ಇಷ್ಟ ಅನ್ನುವವರು ಇಟಲಿ ಕಡೆಯ ಹಳೆಯ ಯಾತ್ರಾದಾರಿಯಲ್ಲಿ ಸ್ಯಾಂ ರೆಮಿ ತನಕ ಎರಡು ಗಂಟೆ ನಡೆಯಬಹುದು. ಅಲ್ಲಿಂದ ಬಸ್ಸಿನಲ್ಲಿ ಆವೋಸ್ತಾ. ಕ್ರಿಸ್ತಪೂರ್ವ 25ರಲ್ಲಿ ರೋಮನ್ನರು ಕಟ್ಟಿದ ಊರು. ಅಗಸ್ಟಸ್ ಕಮಾನು, ನಾಟಕಶಾಲೆಯ ಎತ್ತರದ ಗೋಡೆ ಎಲ್ಲ ಪೇಟೆಯ ನಡುವೆಯೇ ನಿಂತಿವೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. 1930ರ ದಶಕದಲ್ಲಿ ಈ ಛತ್ರದ ಪಾದ್ರಿಗಳಲ್ಲಿ ಕೆಲವರು ಚೀನಾದ ಯುನ್ನಾನ್ ಮತ್ತು ಟಿಬೆಟ್ ಗಡಿಗೆ ಹೋದರು. ಅಲ್ಲಿ ಲಾತ್ಸಾ ಅನ್ನುವ ಘಾಟಿಯ ಮೇಲೆ ಇಂಥದ್ದೇ ಛತ್ರ ಕಟ್ಟುವುದು ಅವರ ಆಸೆ. ಕೆಲಸ ಶುರುವಾಯಿತು, ಮುಗಿಯಲಿಲ್ಲ. ಅವರಲ್ಲಿ ಮೊರಿಸ್ ತೊರ್ನೆ ಅನ್ನುವವರನ್ನು 1949ರಲ್ಲಿ ಗುಂಡಿಟ್ಟು ಕೊಂದರು. ಅವರು ಒರ್ಸಿಯೇರ್ ಸೀಮೆಯವರೇ. ಈಗ ಪಾಸ್‌ಗೆ ಹೋಗುವ ಬಸ್ಸು ಹತ್ತುವುದು ಅದೇ ಒರ್ಸಿಯೇರ್‌ನಲ್ಲಿ.

ಪ್ರಶ್ನೆಗಳಿದ್ದರೆ ಕೇಳಿ.

*ಸರ್, ನಾವು ಸಸ್ಯಾಹಾರಿಗಳು. ಅಲ್ಲಿ ಊಟದ ಕತೆ ಏನು?*

ಛತ್ರದಲ್ಲಿ ಕಾದಿರಿಸುವಾಗಲೇ ಹೇಳಿಬಿಡಿ. ಸೂಪು, ಬ್ರೆಡ್ಡು, ಆಲೂಗಡ್ಡೆ, ಚೀಸ್, ಇಷ್ಟು ಸಿಗುತ್ತದೆ. ಖಾರ ಬೇಕೆಂದರೆ ಚಟ್ನಿಪುಡಿ ನಿಮ್ಮ ಚೀಲದಲ್ಲೇ ಇರಲಿ. ಒಂದು ಮಾತು ಕಟ್ಟುನಿಟ್ಟಿನವರಿಗೆ: ವಲೇ ರಾಕ್ಲೆಟ್, ಆವೋಸ್ತಾದ ಫೊಂತೀನಾ, ಈ ಹೆಸರಾದ ಚೀಸ್‌ಗಳನ್ನೆಲ್ಲ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ತಿಂದಾದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಿರಲಿ.

*ನಾವು ಕ್ರಿಶ್ಚಿಯನ್ನರಲ್ಲ. ಛತ್ರದಲ್ಲಿ ಉಳಿದರೆ ಪ್ರಾರ್ಥನೆಗೆ ಹೋಗಲೇಬೇಕಾ?*

ಬೇಡ. ಯಾರೂ ಕೇಳುವುದಿಲ್ಲ. ಯಾವ ಧರ್ಮದವರೂ ಉಳಿಯಬಹುದು. ಆದರೆ ಸಂಜೆ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಚರ್ಚು 17ನೇ ಶತಮಾನದ್ದು. ಹೊರಗಿನ ಬೂದುಗೋಡೆ ನೋಡಿ ಬಂದವರಿಗೆ ಒಳಗಿನ ಬಣ್ಣದ ಚಿತ್ತಾರ ನಂಬಲಾಗುವುದಿಲ್ಲ.

*ಚಳಿಗಾಲದಲ್ಲಿ ಹೋಗಲು ಆಗುತ್ತಾ?*

ಆಗುತ್ತದೆ, ಸ್ಕೀ ಮೇಲೆ ಅಥವಾ ಹಿಮಬೂಟು ಕಟ್ಟಿಕೊಂಡು. ಸುರಂಗದ ಬಾಯಿಯ ಹತ್ತಿರ ಒಂದು ಹಳೆ ಸ್ಕೀ ಕೇಂದ್ರ ಇದೆ, 2010ರಲ್ಲಿ ಮುಚ್ಚಿತು. ಅಲ್ಲಿಂದ 6 ಕಿಲೋಮೀಟರಿನಷ್ಟು ಏರು. ಎರಡು ಮೂರು ಗಂಟೆ ಬೇಕು. ದಾರಿಯಲ್ಲಿ ಒಂದು ಕೊರಕಲು ಬರುತ್ತದೆ, ಅದಕ್ಕೆ ಸತ್ತವರ ಕಣಿವೆ ಅಂತಲೇ ಹೆಸರು. ಎರಡೂ ಕಡೆಯಿಂದ ಹಿಮ ಕುಸಿಯುವ ಜಾಗ. ಹೂತುಹೋದವರನ್ನು ಹುಡುಕುವ ಬೀಕನ್, ಸಲಿಕೆ, ಕೋಲು ಇಲ್ಲದೆ ಹೋಗಬಾರದು. ಅವನ್ನು ಬಳಸುವ ಅಭ್ಯಾಸ ಇರಬೇಕು. ಹಿಂದಿನ ದಿನ ಛತ್ರಕ್ಕೆ ಫೋನ್ ಮಾಡಿ ಹಿಮ ಹೇಗಿದೆ ಅಂತ ಕೇಳಬೇಕು. ಬೇಡ ಅಂದರೆ ಬೇಡ. ಹಿಮ ನಡಿಗೆ ಹೊಸದಾಗಿದ್ದರೆ ಗೈಡ್ ಇಲ್ಲದೆ ಯೋಚನೆಯನ್ನೂ ಮಾಡಬೇಡಿ. ಮೇಲೆ ತಲುಪಿದವರಿಗೆ ಛತ್ರದವರು ಮೊದಲು ಕೊಡುವುದು ಬಿಸಿ ಟೀ.

*ಅಮ್ಮನಿಗೆ ಎಪ್ಪತ್ತು ದಾಟಿದೆ. ಕರೆದುಕೊಂಡು ಹೋಗಬಹುದಾ? ಯಾವಾಗ ಹೋದರೆ ಒಳ್ಳೆಯದು?*

ಧಾರಾಳವಾಗಿ. ಜಿನೀವಾದಿಂದ ಮಾರ್ಟಿನ್ಯಿಗೆ ರೈಲು, ಮಾರ್ಟಿನ್ಯಿಯಿಂದ ಒರ್ಸಿಯೇರ್‌ಗೆ ಚಿಕ್ಕ ರೈಲು, ಅಲ್ಲಿಂದ ಬೇಸಿಗೆಯಲ್ಲಿ ಪಾಸ್‌ಗೆ ಬಸ್ಸು. ಹತ್ತುವುದೇನೂ ಇಲ್ಲ. ಕೆರೆಯ ಸುತ್ತಿನ ದಾರಿಯಲ್ಲಿ ನಿಧಾನವಾಗಿ ಅಡ್ಡಾಡಬಹುದು. ಉಸಿರಾಟದ, ಹೃದಯದ ತೊಂದರೆ ಇದ್ದರೆ ಮಾತ್ರ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಸ್ವೆಟರ್, ಟೋಪಿ, ಮಳೆಯ ಕೋಟು ಆಗಸ್ಟಿನಲ್ಲೂ ಬೇಕು. ಆ ತಿಂಗಳಲ್ಲೂ ಒಂದೊಂದು ರಾತ್ರಿ ಹಿಮ ಬೀಳುತ್ತದೆ. ಗಡಿ ಪಕ್ಕದಲ್ಲೇ ಇರುವುದರಿಂದ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಎರಡೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ ಸಾಕು. ಹೂ ನೋಡಬೇಕಾದರೆ ಜುಲೈ, ಆಕಾಶ ತಿಳಿಯಾಗಿ ಬೇಕಾದರೆ ಸೆಪ್ಟೆಂಬರ್ ಮೊದಲ ಭಾಗ. ಶನಿವಾರ, ಭಾನುವಾರ ಮಾತ್ರ ಬೇಡ. ಯೂರೋಪಿನ ಅರ್ಧ ಮೋಟರ್‌ಸೈಕಲ್‌ಗಳು ಅವತ್ತು ಅಲ್ಲೇ ಇರುತ್ತವೆ.